ಬಣ್ಣ ಹಚ್ಚುವುದರಲ್ಲೇ ಎರಡು ತಿಂಗಳು ಹೋದವು

ರವಿವಾರ ಬಂತೆಂದರೆ ನಾನು ಬೈಕ್ ಹತ್ತುತ್ತೇನೆ. ಒಂದು ಸಲ ಮಳಖೇಡ, ಒಂದು ಸಲ ಸನ್ನತಿ. ಬಿಸಿಲು ಜಾಸ್ತಿ ಇದ್ದರೆ ಕಲಬುರಗಿಯ ಕೋಟೆಯೇ ಸಾಕು. ನೋಡಿದ್ದನ್ನು ಬರೆದು ಫೇಸ್‌ಬುಕ್‌ನಲ್ಲಿ ಹಾಕುತ್ತಿದ್ದೆ. ಹತ್ತು ದಿನ ಕಳೆದರೆ ಅದು ನನಗೇ ಸಿಗುತ್ತಿರಲಿಲ್ಲ. ಹಾಗಾಗಿ ಸ್ವಂತ ಸೈಟ್ ಬೇಕು ಅನಿಸಿತು.

ಬೀದರಿನಲ್ಲಿ ಬಿದ್ರಿ ಸಾಮಾನಿನ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ವೆಬ್‌ಸೈಟ್ ಬಿಲ್ಡರ್‌ನಲ್ಲಿ ತನ್ನ ಸೈಟ್ ತಾನೇ ಕಟ್ಟಿಕೊಂಡಿದ್ದ. "ಕೋಡ್ ಗೀಡ್ ಏನೂ ಬ್ಯಾಡಲೇ, ಎಳೆದು ಎಳೆದು ಇಟ್ರ ಮುಗೀತು" ಅಂದ. ನಾನೂ ಅಂಥದ್ದೇ ಒಂದು ತಗೊಂಡೆ.

ಇಡುವುದು ಮುಗಿಯಲೇ ಇಲ್ಲ! ಮುಖಪುಟಕ್ಕೆ ಮಳಖೇಡ ಕೋಟೆಯ ಚಿತ್ರ ಎಡಕ್ಕಿರಲೋ ಬಲಕ್ಕಿರಲೋ ಅಂತ ಒಂದು ವಾರ ಯೋಚಿಸಿದೆ. ಕಂಪ್ಯೂಟರಿನಲ್ಲಿ ಚೆಂದ ಕಂಡದ್ದು ಮೊಬೈಲಿನಲ್ಲಿ ಒಂದರ ಮೇಲೊಂದು ಕೂತಿತು. ಸಾಲುಗಳ ನಡುವಿನ ಜಾಗ ಇಂಗ್ಲಿಷಿಗೆ ಹೊಂದಿಸಿದ್ದರಿಂದ ಒತ್ತಕ್ಷರಗಳ ಕಾಲು ಕೆಳಗಿನ ಸಾಲಿಗೆ ತಾಗುತ್ತಿತ್ತು. ಒಂದು ಪುಟ ಸರಿಮಾಡಿದರೆ ಇನ್ನೊಂದು ಹಾಗೇ ಉಳಿಯುತ್ತಿತ್ತು, ಯಾಕಂದರೆ ಪ್ರತಿ ಪುಟವನ್ನೂ ನಾನೇ ಬೇರೆ ಬೇರೆಯಾಗಿ ಜೋಡಿಸಿದ್ದೆ.

ಮಗಳು ನೋಡಿ ನೋಡಿ ಒಂದು ದಿನ ಕೇಳಿದಳು: "ಅಪ್ಪಾ, ಬರಿಯೋದು ಬಿಟ್ಟು ಬರೇ ಬಣ್ಣ ಹಚ್ಲತ್ತೀಯಲ್ಲ?" ಲೆಕ್ಕ ಹಾಕಿದೆ. ಮೊದಲು ವಾರಕ್ಕೊಂದು ಬರೆಯುತ್ತಿದ್ದವನು ಆ ಎರಡು ತಿಂಗಳಲ್ಲಿ ಬರೆದದ್ದು ಎರಡೇ.

ಆಮೇಲೆ ಘೋಸ್ಟ್ ನೋಡಿದೆ, ಬರೆದು ಪ್ರಕಟಿಸುವುದಕ್ಕೆಂದೇ ಇರುವ ತಂತ್ರಾಂಶ. 2013ರಲ್ಲಿ ಶುರುವಾದದ್ದು, ಓಪನ್ ಸೋರ್ಸ್ (ಅದರ ಕೋಡ್ ಎಲ್ಲರಿಗೂ ಮುಕ್ತ), ನಡೆಸುವುದು ಲಾಭಕ್ಕಲ್ಲದ ಒಂದು ಸಂಸ್ಥೆ. ತೆರೆದರೆ ಖಾಲಿ ಹಾಳೆ. ಶೀರ್ಷಿಕೆ, ಕೆಳಗೆ ಬರಹ, ನಡುವೆ ಫೋಟೊ, ಅಷ್ಟೇ. ಪುಟದ ರೂಪವನ್ನು ಥೀಮ್, ಅಂದರೆ ಇಡೀ ಸೈಟಿಗೆ ಒಂದೇ ಸಿದ್ಧ ವಿನ್ಯಾಸ, ನೋಡಿಕೊಳ್ಳುತ್ತದೆ. ಸಾಲಿನ ಅಂತರವನ್ನು ಒಮ್ಮೆ ಬದಲಿಸಿದೆ, ನೋಟೊ ಸೆರಿಫ್ ಕನ್ನಡ ಫಾಂಟ್ ಹಾಕಿದೆ, ಎಲ್ಲ ಲೇಖನಗಳೂ ಒಟ್ಟಿಗೆ ಸರಿಯಾದವು. ಇಂಥದ್ದೇ ಇನ್ನೊಂದು ಸೇವೆ ಸಬ್‌ಸ್ಟ್ಯಾಕ್ ಇನ್ನೂ ಸುಲಭ, ಆದರೆ ಓದುಗರು ಕೊಡುವ ಚಂದಾದಲ್ಲಿ 10 ಪರ್ಸೆಂಟ್ ಅವರಿಗೆ ಹೋಗುತ್ತದೆ. ಘೋಸ್ಟ್ ತನ್ನ ಪಾಲು ಅಂತ ಏನೂ ಹಿಡಿಯುವುದಿಲ್ಲ.

ಇಲ್ಲೊಂದು ತೊಡಕು ಇದೆ. ಘೋಸ್ಟ್‌ನಲ್ಲಿ ಚಂದಾ ಹಣ ಬರುವುದು ಸ್ಟ್ರೈಪ್ ಅನ್ನುವ ಆನ್‌ಲೈನ್ ಪಾವತಿ ಕಂಪನಿಯ ಮೂಲಕ, ಅದರಲ್ಲಿ ಯುಪಿಐ ಹಾಗೆ ಸಲೀಸಾಗಿ ಕೂಡುವುದಿಲ್ಲ. ನಮ್ಮ ಓದುಗರು ಫೋನ್‌ಪೇ ಬಿಟ್ಟು ಕಾರ್ಡ್ ತೆಗೆಯುವವರಲ್ಲ. ಹಾಗಾಗಿ ಚಂದಾ ಯೋಚನೆಯನ್ನೇ ಬಿಟ್ಟೆ. ಲೇಖನದ ಕೊನೆಗೆ ಒಂದು ಕ್ಯೂಆರ್ ಚಿತ್ರ ಹಾಕಿದ್ದೇನೆ, ಮನಸ್ಸಿದ್ದವರು ಕೊಡುತ್ತಾರೆ. ಪೆಟ್ರೋಲ್ ಖರ್ಚಂತೂ ಬರುವುದಿಲ್ಲ ಬಿಡಿ.

ಲೇಖನದ ವೆಬ್ ವಿಳಾಸವನ್ನು (ಲಿಂಕನ್ನು) ಮಾತ್ರ ನಾನೇ ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇನೆ. ಹಳೆ ಸೈಟಿನಲ್ಲಿ ಕನ್ನಡದಲ್ಲೇ ಬಿಟ್ಟು ಕೆಟ್ಟಿದ್ದೆ. ಲಿಂಕ್ ನಕಲು ಮಾಡಿದಾಗ ಕನ್ನಡದ ಒಂದೊಂದು ಚಿಹ್ನೆ ಒಂಬತ್ತು ಚಿಹ್ನೆಗಳಾಗುತ್ತದೆ. 'ಮಳಖೇಡ' ಅನ್ನುವ ಪುಟ್ಟ ಪದ 45 ಚಿಹ್ನೆಗಳ ಪರ್ಸೆಂಟ್ ಗುರುತಿನ ಸರಪಳಿಯಾಗಿತ್ತು. ವಾಟ್ಸಾಪ್‌ನಲ್ಲಿ ಕಳಿಸಿದರೆ ಸೇಡಂನ ಮಾಸ್ತರರೊಬ್ಬರು "ಇದೇನ್ರೀ, ವೈರಸ್ಸಾ?" ಅಂತ ಫೋನ್ ಮಾಡಿದ್ದರು.

ಹಳೆ ಸೈಟಿನಿಂದ ಲೇಖನಗಳನ್ನು ಸಾಗಿಸುವುದೇ ದೊಡ್ಡ ಕೆಲಸವಾಯಿತು. ನಾನು ತಗೊಂಡ ಬಿಲ್ಡರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಹೊರತೆಗೆಯುವ ದಾರಿ ಇರಲಿಲ್ಲ. ಸೇರುವಾಗ ನಾನೂ ಅದನ್ನು ಕೇಳಿರಲಿಲ್ಲ. 22 ಲೇಖನಗಳನ್ನು ಒಂದೊಂದಾಗಿ ನಕಲು ಮಾಡಿದೆ. ಈಗಿನದ್ದರಲ್ಲಿ ಬರಹವೆಲ್ಲ ಒಂದೇ ಫೈಲಿನಲ್ಲಿ ಇಳಿಯುತ್ತದೆ, ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳುತ್ತೇನೆ. ಫೋಟೊಗಳು ಅದರಲ್ಲಿ ಬರುವುದಿಲ್ಲ, ಅವನ್ನು ಬೇರೆ ಇಟ್ಟಿದ್ದೇನೆ.

"ಹಂಗಾದ್ರ ನಾನೂ ಬದಲಿಸಲೇನು?" ಅಂತ ಗೆಳೆಯ ಕೇಳಿದ. ಬೇಡ ಅಂದೆ. ಅವನ ಗಿರಾಕಿ ಓದಲು ಬರುವವನಲ್ಲ. ಕಪ್ಪು ಹೂದಾನಿಯ ಮೇಲಿನ ಬೆಳ್ಳಿ ತಂತಿಯನ್ನು ದೊಡ್ಡದು ಮಾಡಿ ನೋಡಬೇಕು, ಅಳತೆ, ಬೆಲೆ ತಿಳಿಯಬೇಕು, ಅಲ್ಲೇ ಆರ್ಡರ್ ಕೊಡಬೇಕು. ಅದಕ್ಕೆ ಬಿಲ್ಡರೇ ಸರಿ. ಅವನು ಒಮ್ಮೆ ಜೋಡಿಸಿದ ಪುಟ ವರ್ಷವಿಡೀ ನಡೆಯುತ್ತದೆ, ನನಗಾದರೆ ವಾರಕ್ಕೊಂದು ಹೊಸ ಪುಟ ಬೇಕು.

ಆರು ಲೇಖನಗಳ ಫೋಟೊ ಜೋಡಿಸುವುದು ಇನ್ನೂ ಬಾಕಿ ಇದೆ. ಈ ರವಿವಾರ ಸನ್ನತಿಗೆ ಹೊರಟಿದ್ದೇನೆ, ಅದೆಲ್ಲ ಮುಂದಿನ ವಾರಕ್ಕೆ.