ಫೈರ್ ಅಲಾರಂಗೆ ಡೋರ್ ಲಾಕ್ ಕನೆಕ್ಟ್ ಮಾಡೋದು: ನಾನು ಮಾಡೋ ರೀತಿ

ಆಕ್ಸೆಸ್ ಕಂಟ್ರೋಲ್ (ಕಾರ್ಡ್ ಥರದ್ದು ತೋರಿಸಿದ್ರೆ ತೆರೆಯೋ ಎಲೆಕ್ಟ್ರಿಕ್ ಬೀಗ) ಕೆಲಸಕ್ಕೆ ಹೋದಾಗೆಲ್ಲ ಬಿಲ್ಡಿಂಗ್‌ನೋರು ಹೇಳೋದು ಒಂದೇ ಮಾತು, ಅಲಾರಂ ಹೊಡೀತಿದ್ದಂಗೆ ಎಲ್ಲಾ ಬಾಗ್ಲೂ ಓಪನ್ ಆಗ್ಬಿಡ್ಲಿ ಅಂತ. ಎಲ್ಲಾ ತೆರ್ಕೊಂಡು ನಿಂತ್ರೆ ಹೊಗೆ ಸೀದಾ ಮೆಟ್ಟಿಲಿಗೆ ನುಗ್ಗುತ್ತೆ, ಜನ ಇಳಿಯೋ ದಾರಿನೇ ಚಿಮಣಿ ಆಗೋಗುತ್ತೆ. ಅದಕ್ಕೆ ನಾನು ಮೊದ್ಲು ಡ್ರಾಯಿಂಗ್ ಹಿಡ್ಕೊಂಡು ಓಡಾಡ್ತೀನಿ, ಒಂದೊಂದ್ ಬಾಗ್ಲ ಪಕ್ಕದಲ್ಲೂ ಎರಡು ವಿಷ್ಯ ಬರ್ಕೊತೀನಿ: ಇಲ್ಲಿಂದ ಜನ ಆಚೆ ಹೋಗ್ಬೇಕಾ, ಇದು ಹೊಗೆ ತಡೀಬೇಕಾ. ತಲೆನೋವು ಇರೋದು ಎರಡಕ್ಕೂ ಹೌದು ಅನ್ನೋ ಬಾಗ್ಲುಗಳಲ್ಲಿ.

ಮ್ಯಾಗ್ನೆಟಿಕ್ ಲಾಕ್‌ದು ಸುಲಭ, ಕರೆಂಟ್ ಇದ್ರೆ ಹಿಡ್ಕೊಳ್ಳುತ್ತೆ, ಹೋದ್ರೆ ಬಿಡುತ್ತೆ. ಮಾಮೂಲಿ ಎಕ್ಸಿಟ್ ಬಾಗ್ಲಿಗೆ ಸಾಕು. ಆದ್ರೆ ಫೈರ್ ಡೋರ್‌ಗೆ (ಬೆಂಕಿ, ಹೊಗೆ ತಡೆಯೋ ಬಾಗ್ಲಿಗೆ) ಬರೀ ಮ್ಯಾಗ್ನೆಟ್ ನಂಬ್ಕೊಂಡ್ರೆ ಕರೆಂಟ್ ಬಿಟ್ಟ ಮೇಲೆ ಅದನ್ನ ಫ್ರೇಮಲ್ಲಿ ಹಿಡಿಯೋಕೆ ಏನೂ ಇರಲ್ಲ, ಬೆಂಕಿ ಪ್ರೆಷರ್‌ಗೆ ಬಾಗ್ಲನ್ನ ತಾನಾಗೇ ಎಳೆದು ಮುಚ್ಚೋ ಕ್ಲೋಸರ್ ಒಂದೇ ತಡ್ಕೊಳ್ಳಲ್ಲ, ಫ್ರೇಮಿಗೆ ಸಿಕ್ಕಿಕೊಳ್ಳೋ ಲ್ಯಾಚ್ ಬೇಕೇ ಬೇಕು. ಫೇಲ್ ಸೇಫ್ (ಕರೆಂಟ್ ಹೋದ್ರೆ ಬೀಗ ಬಿಡೋ) ಸ್ಟ್ರೈಕ್, ಅಂದ್ರೆ ಫ್ರೇಮಲ್ಲಿ ಕೂತು ಲ್ಯಾಚ್ ಹಿಡಿಯೋ ಎಲೆಕ್ಟ್ರಿಕ್ ಭಾಗ, ಅದನ್ನ ಕೂಡ ಇದೇ ಕಾರಣಕ್ಕೆ ಅಲ್ಲಿ ಹಾಕಲ್ಲ, ಕರೆಂಟ್ ಹೋದ್ರೆ ಲ್ಯಾಚ್ ಹಿಡಿಯೋ ಭಾಗನೇ ಸಡಿಲ ಆಗುತ್ತೆ. ಹಾಕೋದಾದ್ರೆ ಫೇಲ್ ಸೆಕ್ಯೂರ್ (ಕರೆಂಟ್ ಹೋದ್ರೂ ಹಿಡ್ಕೊಂಡೇ ಇರೋ) ಸ್ಟ್ರೈಕ್, ಒಳಗಡೆಯಿಂದ ಪ್ಯಾನಿಕ್ ಬಾರ್ (ಬಾಗ್ಲಿಗೆ ಅಡ್ಡಲಾಗಿರೋ ತಳ್ಳೋ ಪಟ್ಟಿ) ಅಥವಾ ಹ್ಯಾಂಡಲ್. ಒತ್ತಿದ್ರೆ ಲ್ಯಾಚ್ ಮೆಕ್ಯಾನಿಕಲ್ಲಾಗೇ ಒಳಗೆ ಹೋಗುತ್ತೆ, ಕರೆಂಟ್ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ. ಮೆಟ್ಟಿಲ ಕಡೆಯಿಂದ ವಾಪಸ್ ಫ್ಲೋರ್ ಒಳಗೆ ಬರೋ ದಾರಿನೂ ಬೇಕು ಅಂದ್ರೆ ಫೇಲ್ ಸೇಫ್ ಮಾರ್ಟೀಸ್ ಲಾಕ್ (ಬಾಗ್ಲ ದಪ್ಪದೊಳಗೇ ಕೂರೋ ಲಾಕ್) ಹಾಕ್ತೀನಿ, ಪವರ್ ಹೋದಾಗ ಹೊರಗಿನ ಹ್ಯಾಂಡಲ್ ಕೆಲ್ಸ ಮಾಡೋಕ್ ಶುರು ಮಾಡುತ್ತೆ, ಬೋಲ್ಟ್ ಮಾತ್ರ ಫ್ರೇಮಲ್ಲೇ ಕೂತಿರುತ್ತೆ, ಅಂದ್ರೆ ಬೀಗ ಬಿಟ್ಟಿದೆ, ಬಾಗ್ಲು ಮುಚ್ಚಿದೆ. ಕಾರಿಡಾರ್‌ಲಿ ಯಾವಾಗ್ಲೂ ತೆರೆದಿರೋ ಫೈರ್ ಡೋರ್‌ಗೆ ಹೋಲ್ಡ್ ಓಪನ್ ಮ್ಯಾಗ್ನೆಟ್, ಅಲಾರಂ ಬಂದ್ರೆ ಬಿಡುತ್ತೆ, ಕ್ಲೋಸರ್ ಎಳ್ಕೊಳ್ಳುತ್ತೆ. (ಆ ಬಾಗ್ಲಿಗೆ ಯಾರಾದ್ರೂ ಮರದ ತುಂಡು ಸಿಕ್ಕಿಸಿದ್ರೆ ನನ್ ವೈರಿಂಗ್ ಎಲ್ಲಾ ವೇಸ್ಟು, ಸಿಕ್ಕಿಸ್ತಾರೆ ಕೂಡ.)

ಈಗ ವೈರಿಂಗ್. ಫೈರ್ ಪ್ಯಾನಲ್ (ಅಲಾರಂ ನಡೆಸೋ ಪೆಟ್ಟಿಗೆ) ಸಿಗ್ನಲ್‌ನ ಆಕ್ಸೆಸ್ ಕಂಟ್ರೋಲರ್ (ಲಾಕ್‌ಗಳನ್ನ ನಡೆಸೋ ಪೆಟ್ಟಿಗೆ) ಇನ್‌ಪುಟ್‌ಗೆ ಕೊಟ್ಟು ಸಾಫ್ಟ್‌ವೇರಲ್ಲಿ ರೂಲ್ ಬರೆದು ಮುಗಿಸೋದು ಸುಲಭ, ನಾನು ಅದನ್ನ ಒಪ್ಪಲ್ಲ, ಕಂಟ್ರೋಲರ್ ಹ್ಯಾಂಗ್ ಆದ್ರೆ ಲಾಕ್ ಹಿಡ್ಕೊಂಡೇ ಇರುತ್ತೆ. ಲಾಕ್‌ಗೆ ಹೋಗೋ ಡಿಸಿ ಪವರನ್ನೇ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ರೆ, ಬಿಟ್ರೆ ಬದಲಾಗೋ ಸ್ವಿಚ್) ಕಟ್ ಮಾಡ್ಬೇಕು. ಪ್ಯಾನಲ್ ಒಳಗಿನ ರಿಲೇ ಚಿಕ್ಕದು, 12 ವೋಲ್ಟ್‌ಲಿ ಒಂದು ಮ್ಯಾಗ್ನೆಟ್ಟೇ ಅರ್ಧ ಆಂಪ್ ಹತ್ರ ಎಳೆಯುತ್ತೆ, ಹಂಗಾಗಿ ಮಧ್ಯೆ ಒಂದು ದೊಡ್ಡ ರಿಲೇ ಹಾಕಿ ಮಾಮೂಲಿ ಟೈಮಲ್ಲಿ ಅದು ಆನ್ ಆಗಿರೋ ಥರ ಕಟ್ತೀನಿ, ವೈರ್ ಕಟ್ಟಾದ್ರೂ ಕಾಯಿಲ್ ಸುಟ್ರೂ ಎಕ್ಸಿಟ್ ಲಾಕ್ ಬಿಡುತ್ತೆ. ಈ ರಿಲೇ ಕೂರ್ಬೇಕಾದ್ದು ಬ್ಯಾಟರಿ ಆದ್ಮೇಲೆ ಇರೋ ಔಟ್‌ಪುಟ್ ಲೈನಲ್ಲಿ. ಮೇನ್ಸ್ ಕಡೆ ಹಾಕಿದ್ರೆ ಮೇನ್ಸ್ ಹೋಗುತ್ತೆ, ಬ್ಯಾಕಪ್ ಬ್ಯಾಟರಿ ಆರಾಮಾಗಿ ಗಂಟೆಗಟ್ಲೆ ಬಾಗ್ಲು ಲಾಕ್ ಮಾಡಿಟ್ಕೊಳ್ಳುತ್ತೆ. ತುರ್ತಲ್ಲಿ ಒತ್ತಿ ಬಾಗ್ಲು ಬಿಡಿಸೋ ಹಸಿರು ಬ್ರೇಕ್ ಗ್ಲಾಸ್ ಡಬ್ಬಿದೂ ಅಷ್ಟೇ, ಡಬಲ್ ಪೋಲ್ (ಒಳಗೆ ಎರಡು ಬೇರೆ ಸ್ವಿಚ್ ಇರೋದು) ತಗೊಂಡು ಒಂದು ಪೋಲಲ್ಲಿ ಲಾಕ್ ಪವರ್ ನೇರ ಕಟ್, ಇನ್ನೊಂದು ಕಂಟ್ರೋಲರ್‌ಗೆ ಮಾಹಿತಿಗೆ.

ಟೆಸ್ಟ್ ಮಾಡುವಾಗ ಬರೀ ಅಲಾರಂ ಹೊಡೆಸಿ ಬಿಡಲ್ಲ. ಮೇನ್ಸ್ ಆಫ್ ಮಾಡಿ ಬ್ಯಾಟರಿ ಮೇಲೆ ಒಂದ್ಸಲ, ಕಂಟ್ರೋಲರ್ ನೆಟ್‌ವರ್ಕ್ ಕಿತ್ತು ಒಂದ್ಸಲ, ಆಮೇಲೆ ಮೆಟ್ಟಿಲ ಪ್ರೆಷರೈಸೇಶನ್ ಫ್ಯಾನ್ (ಹೊಗೆ ನುಗ್ಗದ ಹಂಗೆ ಮೆಟ್ಟಿಲ ಕಡೆ ಗಾಳಿ ತುಂಬೋ ಫ್ಯಾನ್) ಓಡ್ತಿರುವಾಗ್ಲೂ ಒಂದ್ಸಲ. ಈ ಕೊನೇದನ್ನ ತುಂಬಾ ಜನ ಬಿಟ್ಬಿಡ್ತಾರೆ, ಫ್ಯಾನ್ ಗಾಳಿಗೆ ಕೆಲವು ಬಾಗ್ಲು ಪೂರ್ತಿ ಲ್ಯಾಚ್ ಆಗಲ್ಲ, ಕೆಲವನ್ನ ತಳ್ಳೋಕೇ ಆಗಲ್ಲ, ಕ್ಲೋಸರ್ ಸೆಟ್ಟಿಂಗ್ ಆಗ ಗೊತ್ತಾಗೋದು.

ರೀಸೆಟ್ ಬಗ್ಗೆನೂ ಹೇಳ್ಬಿಡ್ತೀನಿ, ಯಾರೋ ಸದ್ದು ತಡೀಲಾರ್ದೆ ಸೈರನ್ ಸೈಲೆನ್ಸ್ ಮಾಡಿದ ಕೂಡ್ಲೇ ಲಾಕ್ ವಾಪಸ್ ಬೀಳ್ಬಾರ್ದು, ಜನ ಇನ್ನೂ ಒಳಗೇ ಇರ್ಬೋದು. ಅದಕ್ಕೆ ರಿಲೇ ಒಂದ್ಸಲ ಬಿಟ್ರೆ ಬಿಟ್ಟೇ ಇರೋ ಹಂಗೆ ಲ್ಯಾಚಿಂಗ್ ಮಾಡಿ, ಪ್ಯಾನಲ್ ಪಕ್ಕ ಒಂದು ಕೀ ಸ್ವಿಚ್ ಇಟ್ಟಿರ್ತೀನಿ, ಪ್ಯಾನಲ್ ರೀಸೆಟ್ ಆಗಿ, ಕೀ ಇರೋರು ಬಂದು ತಿರುಗಿಸಿದ್ಮೇಲೇ ಲಾಕ್‌ಗೆ ಮತ್ತೆ ಪವರ್.