ಸಲಸಲಕ್ಕೂ ಬದಲಾಗುತ್ತಿದ್ದ ವಂಶವಾಹಿಗಳ ಪಟ್ಟಿ ಸ್ಥಿರವಾದದ್ದು ಹೀಗೆ

ಧಾರವಾಡದ ಸಪ್ತಾಪುರದ ಕೋಣೆಯಲ್ಲಿ ಕುಳಿತು, ಅಮೆರಿಕದಲ್ಲಿ 2004ರಲ್ಲಿ ಆರಂಭವಾದ, ಆಲ್ಝೈಮರ್ ಕಾಯಿಲೆಯನ್ನು ಮಿದುಳಿನ ಚಿತ್ರಗಳ ಮೂಲಕ ಅಧ್ಯಯನ ಮಾಡುವ ಎಡಿಎನ್‌ಐ ಯೋಜನೆಯ ದತ್ತಾಂಶದಲ್ಲಿ ಎಸ್‌ಎನ್‌ಪಿಗಳಿಗೂ (ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ, ಡಿಎನ್‌ಎಯ ಒಂದಕ್ಷರದ ವ್ಯತ್ಯಾಸಗಳು) ನೆನಪಿಗೆ ನೆರವಾಗುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ಗಾತ್ರಕ್ಕೂ ಇರುವ ನಂಟನ್ನು ಲ್ಯಾಸೊ ವಿಧಾನದಿಂದ ಹುಡುಕುತ್ತಿದ್ದೆ. ಹಲವು ಅಂಶಗಳ ಪ್ರಭಾವವನ್ನು ಸೊನ್ನೆ ಮಾಡಿ ಕೆಲವನ್ನಷ್ಟೇ ಉಳಿಸಿಕೊಳ್ಳುವ ಸಂಖ್ಯಾಶಾಸ್ತ್ರದ ವಿಧಾನವಿದು. ಕೆಲವು ವ್ಯಕ್ತಿಗಳನ್ನು ಬಿಟ್ಟು ಲೆಕ್ಕವನ್ನು ಮತ್ತೆ ಓಡಿಸಿದರೆ ಸಾಕು, ಆಯ್ಕೆಯಾದ ವಂಶವಾಹಿಗಳ ಪಟ್ಟಿಯೇ ಬದಲಾಗುತ್ತಿತ್ತು. 19ನೇ ವರ್ಣತಂತುವಿನಲ್ಲಿ ಒಮ್ಮೆ ಎಪಿಒಇ ಎಂಬ ವಂಶವಾಹಿ ಮೇಲೆ ಬಂದರೆ, ಮರುಸಲ ಅದರ ಪಕ್ಕದ ಟಿಒಎಂಎಂ40.

ಕಾರಣ ಆ ನೆರೆಹೊರೆಯಲ್ಲೇ ಇತ್ತು. ಅಕ್ಕಪಕ್ಕದ ಎಸ್‌ಎನ್‌ಪಿಗಳು ಬಹುಮಟ್ಟಿಗೆ ಜೊತೆಯಾಗಿಯೇ ಮುಂದಿನ ಪೀಳಿಗೆಗೆ ಸಾಗುತ್ತವೆ. ಹೀಗೆ ಹೆಣೆದುಕೊಂಡವುಗಳಲ್ಲಿ ಲ್ಯಾಸೊ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಸೊನ್ನೆ ಮಾಡಿಬಿಡುತ್ತದೆ. ಉಳಿಯುವುದು ಯಾವುದು ಎಂಬುದನ್ನು ಜೀವಶಾಸ್ತ್ರಕ್ಕಿಂತ ದತ್ತಾಂಶದ ಸಣ್ಣ ಏರುಪೇರೇ ನಿರ್ಧರಿಸುತ್ತದೆ. ಇಂಥ ಪಟ್ಟಿಯನ್ನು ನಂಬಿ ಪ್ರಬಂಧ ಬರೆಯಲು ನನಗೆ ಮನಸ್ಸಾಗಲಿಲ್ಲ.

ಜೊತೆಯಾಗಿ ಸಾಗುವ ಎಸ್‌ಎನ್‌ಪಿಗಳನ್ನು ಗುಂಪುಗಳಾಗಿ ಕಟ್ಟಿ, ಸಂಖ್ಯಾಶಾಸ್ತ್ರಜ್ಞರಾದ ಯುವಾನ್ ಮತ್ತು ಲಿನ್ 2006ರಲ್ಲಿ ಮಂಡಿಸಿದ ಗುಂಪು ಲ್ಯಾಸೊ ಬಳಸಿದೆ. ಇಲ್ಲಿ ಇಡೀ ಗುಂಪು ಒಳಗೆ, ಇಲ್ಲವೇ ಹೊರಗೆ. ನಂತರ ಅರ್ಧದಷ್ಟು ವ್ಯಕ್ತಿಗಳನ್ನು ಯಾದೃಚ್ಛಿಕವಾಗಿ ಆರಿಸಿ ಮತ್ತೆ ಮತ್ತೆ ಓಡಿಸಿ, ಪದೇಪದೇ ಆಯ್ಕೆಯಾದ ಗುಂಪುಗಳನ್ನಷ್ಟೇ ಇಟ್ಟುಕೊಂಡೆ. ಪಟ್ಟಿ ಸ್ಥಿರವಾಯಿತು, ಆ ಸಂಜೆಯ ಸಮಾಧಾನ ಇನ್ನೂ ನೆನಪಿದೆ.

ವಯಸ್ಸು, ಲಿಂಗ, ತಲೆಬುರುಡೆಯ ಒಳಗಾತ್ರ, ವಂಶಮೂಲವನ್ನು ಸೂಚಿಸುವ ಪ್ರಧಾನ ಘಟಕಗಳು (ಎಸ್‌ಎನ್‌ಪಿ ದತ್ತಾಂಶವನ್ನು ಸಂಕ್ಷೇಪಿಸಿ ಪಡೆದ ಸಂಖ್ಯೆಗಳು) ಲೆಕ್ಕದಲ್ಲಿ ಇರಲೇಬೇಕು. ಇವುಗಳನ್ನು ಮಾತ್ರ ಲ್ಯಾಸೊದ ಕತ್ತರಿಗೆ ಕೊಡಬೇಡಿ.