ಹಳೇ ಅಮೆರಿಕದ ಅಜ್ಜಿಯ ತವರುಮನೆ ಹುಡುಕೋದು ಹೇಗೆ

ನನ್ನ ತಮ್ಮ ಮದುವೆ ಆಗಿರೋದು ಮ್ಯಾಸಚೂಸೆಟ್ಸ್ ಹುಡುಗೀನ. ಅವಳ ವಂಶವೃಕ್ಷ ಮಾಡೋಕೆ ಕೂತ್ರೆ ಗಂಡಸರ ಸಾಲು ಸಲೀಸಾಗಿ 1600ರ ಕಾಲಕ್ಕೆ ಹೋಗ್ಬಿಡುತ್ತೆ, ಹೆಂಗಸರ ಹತ್ರ ಬಂದ್ರೆ ಮಾತ್ರ "ಇಂಥವನ ಹೆಂಡತಿ ಮೇರಿ" ಅಂತ ಬರೆದು ಕೈತೊಳ್ಕೊಂಡಿರ್ತಾರೆ. ಯಾವ ಮನೆ ಮೇರಿ? ಆಗಿನ ಇಂಗ್ಲಿಷ್ ಕಾನೂನಲ್ಲಿ ಮದುವೆಯಾದ ಹೆಂಗಸಿನ ಆಸ್ತಿಯೆಲ್ಲ ಗಂಡನ ಕೈಲಿ, ಹಾಗಾಗಿ ಅವಳ ಹೆಸರಲ್ಲಿ ಕಾಗದಾನೇ ಕಮ್ಮಿ. ಗಂಡಸರ ಕಾಗದದಲ್ಲೇ ಅವಳನ್ನ ಹುಡುಕ್ಬೇಕು.

ಮೊದಲು ಅವಳಿದ್ದ ಊರಿನ ಹಿರಿಯರ ವಿಲ್‌ಗಳನ್ನ ಓದಿ, ಒಂದೂ ಬಿಡದೆ. "ನನ್ನ ಮಗಳು ಮೇರಿ, ಇಂಥವನ ಹೆಂಡತಿ, ಅವಳಿಗೊಂದು ಹಸು" ಅನ್ನೋ ಥರದ ಒಂದು ಸಾಲು ಸಿಕ್ರೆ ಮುಗೀತು. ಆಮೇಲೆ ಜಮೀನು ಪತ್ರ. ಅಪ್ಪ ಸತ್ತಮೇಲೆ ಅಕ್ಕತಂಗಿಯರು, ಅವರ ಗಂಡಂದಿರು ಎಲ್ಲ ಸೇರಿ ಪಾಲು ಮಾರಿರ್ತಾರೆ, ಅಲ್ಲಿ ಇಡೀ ಕುಟುಂಬ ಒಂದೇ ಹಾಳೇಲಿ ಸಿಗುತ್ತೆ. ಸಾಕ್ಷಿ ಹಾಕಿದೋರ ಹೆಸರೂ ಬರ್ಕೊಳ್ಳಿ, ಎಷ್ಟೋ ಸಲ ಅದು ಅವಳ ಅಣ್ಣಂದೇ ಆಗಿರುತ್ತೆ. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂ ಊರಲ್ಲಿ ನಡೆದ ಮಾಟಗಾತಿ ಕೇಸಲ್ಲಿ ರೆಬೆಕ್ಕಾ ನರ್ಸ್, ಮೇರಿ ಈಸ್ಟಿ, ಸಾರಾ ಕ್ಲಾಯ್ಸ್ ಅಂತ ಮೂರು ಜನ ಇದಾರೆ, ಮೊದಲಿಬ್ಬರನ್ನ ಗಲ್ಲಿಗೇ ಹಾಕಿದ್ರು. ಅಡ್ಡಹೆಸರು ನೋಡಿದ್ರೆ ಯಾರಿಗೆ ಯಾರೂ ಅಲ್ಲ, ಆದ್ರೆ ಮೂವರೂ ಟೌನ್ ಅನ್ನೋ ಮನೆತನದ ಒಡಹುಟ್ಟಿದೋರು.

ಎರಡನೇ ಮದುವೆ ಮರೀಬೇಡಿ. ಮಾರ್ಥಾ ವಾಷಿಂಗ್ಟನ್ 1759ರಲ್ಲಿ, ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಜಾರ್ಜ್‌ನ ಕೈಹಿಡಿದಾಗ ಅವಳ ಹೆಸರು ಕಸ್ಟಿಸ್, ಅದು ತೀರಿಹೋದ ಮೊದಲನೇ ಗಂಡಂದು, ತವರಿನ ಹೆಸರು ಡ್ಯಾಂಡ್ರಿಡ್ಜ್. ಮದುವೆ ರಿಜಿಸ್ಟರ್‌ನಲ್ಲಿರೋ ಹೆಸರನ್ನೇ ಅಪ್ಪನ ಮನೆದು ಅಂದ್ಕೊಂಡ್ರೆ ಬೇರೆ ಯಾರದೋ ವಂಶ ಹತ್ತಿರ್ತೀರ.

ತಾರೀಖಿನದ್ದು ಇನ್ನೊಂದು ತಮಾಷೆ. ಮದುವೆ 1731ರ ಮೇ ತಿಂಗಳು, ಮಗು ಹುಟ್ಟಿದ್ದು 1731ರ ಫೆಬ್ರವರಿ ಅಂತ ನೋಡಿ ನಾನೂ ತಮ್ಮನ ಹೆಂಡ್ತೀನೂ ಮುಖ ಮುಖ ನೋಡ್ಕೊಂಡ್ವಿ. ಎಂಥದ್ದೂ ಇಲ್ಲ, 1752ಕ್ಕೆ ಮುಂಚೆ ಇಂಗ್ಲಿಷರಿಗೂ ಅವರ ಅಮೆರಿಕದ ವಸಾಹತುಗಳಿಗೂ ಹೊಸವರ್ಷ ಶುರುವಾಗ್ತಿದ್ದಿದ್ದೇ ಮಾರ್ಚ್ 25ಕ್ಕೆ, ಮೇ ಕಳೆದು ಒಂಬತ್ತು ತಿಂಗಳಿಗೇ ಆ ಫೆಬ್ರವರಿ ಬಂದಿರೋದು! ಸಂಬಂಧದ ಪದಗಳೂ ಹಂಗೇ, ಆಗ ಡಾಟರ್-ಇನ್-ಲಾ ಅಂದ್ರೆ ಸೊಸೆ ಅಂತಲೇ ಅಲ್ಲ, ಮಲಮಗಳೂ ಆಗಿರಬಹುದು.

ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್ ಇರೋ ಅಮೆರಿಕದ ಈಶಾನ್ಯ ಭಾಗ) ಕಡೆಯೋರಾದ್ರೆ ಪುಣ್ಯವಂತರು, ಮ್ಯಾಸಚೂಸೆಟ್ಸ್‌ನ ಎಷ್ಟೋ ಊರಿನ ಹುಟ್ಟು-ಮದುವೆ-ಸಾವಿನ ಲೆಕ್ಕ 1850ರ ತನಕ ಪುಸ್ತಕವಾಗೇ ಅಚ್ಚಾಗಿದೆ, ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟ್‌ನಲ್ಲಿ ಸ್ಕ್ಯಾನ್‌ಗಳು ಫ್ರೀ. ವರ್ಜೀನಿಯಾ ಆದ್ರೆ ಚರ್ಚ್ ರಿಜಿಸ್ಟರ್, ಕೌಂಟಿ (ನಮ್ಮ ಜಿಲ್ಲೆ ಥರ) ಕೋರ್ಟ್ ಪುಸ್ತಕನೇ ಗತಿ, ಅದರಲ್ಲೂ ಮಾರ್ಥಾ ಹುಟ್ಟಿದ ನ್ಯೂ ಕೆಂಟ್ ಕೌಂಟಿ ಕೋರ್ಟ್ 1787ರಲ್ಲಿ ಸುಟ್ಟುಹೋಯ್ತು. ಅಂಥ ಕಡೆ ಪಕ್ಕದ ಕೌಂಟಿ ದಾಖಲೆ ಜಾಲಾಡಿ. ಆನ್‌ಲೈನಲ್ಲಿ ಯಾರೋ ಮಾಡಿಟ್ಟ ಟ್ರೀ ಕಾಪಿ ಮಾತ್ರ ಹೊಡೀಬೇಡಿ, ಒಬ್ಬ ಊಹೆ ಮಾಡಿದ್ದನ್ನ ನೂರು ಜನ ಇಳಿಸ್ಕೊಂಡಿರ್ತಾರೆ.

ಡಿಎನ್ಎ ಟೆಸ್ಟ್? ಮೈಟೊಕಾಂಡ್ರಿಯಾದ್ದು, ಅಂದ್ರೆ ತಾಯಿಯಿಂದ ಮಾತ್ರ ಮಕ್ಕಳಿಗೆ ಬರೋ ಡಿಎನ್ಎದ್ದು, ಮಾಡಿಸ್ಬಹುದು, ಆದ್ರೆ ಆ ಅಜ್ಜಿಯಿಂದ ಮಗಳು, ಮಗಳ ಮಗಳು ಅಂತ ಹೆಣ್ಣಿನ ಸಾಲಲ್ಲೇ ಇಳಿದುಬಂದೋರು ಬೇಕು, ನಡುವೆ ಎಲ್ಲೋ ಒಬ್ಬ ಮಗ ಬಂದ್ನೋ, ಎಳೆ ಅಲ್ಲಿಗೇ ಕಟ್.